ರೆಬೆಲ್ಲೊ ಅವರ ಫಿಯೆಟ್ಟಿನ ನಡತೆ

ನಮ್ಮ ಫಳ್ನೀರಿನ ಓಣಿಯಲ್ಲಿ ನೊರ್ಬರ್ಟ್ ರೆಬೆಲ್ಲೊ ಅವರ ಪರೀಕ್ಷೆಗೆ ಒಳಪಡದೆ ಏನೂ ಒಳಗೆ ಬರುವಂತಿಲ್ಲ. ಮೀನಿನವಳು ಬಂದರೆ ಒಂದೊಂದು ಬಂಗುಡೆಯ ಕಿವಿರನ್ನೂ ಎತ್ತಿ ನೋಡಬೇಕು. ಗ್ಯಾಸ್ ಸಿಲಿಂಡರನ್ನು ತೂಗಿ ನೋಡಬೇಕು. ಕುವೈತಿನ ಯಾವುದೋ ಗೋದಾಮಿನಲ್ಲಿ ಸರಕು ತಪಾಸಣೆ ಮಾಡಿಕೊಂಡಿದ್ದವರು. ಊರಿಗೆ ಬಂದ ಮೇಲೆ ಕೆಲಸ ಹೋಯಿತು, ತಪಾಸಣೆ ಉಳಿಯಿತು. ಸರಕು ಸಿಗದ ಕಾರಣ ಮನುಷ್ಯರನ್ನು ಹಿಡಿದುಕೊಂಡರು.

ಅವರ ಕ್ರೈಸ್ತರಲ್ಲಿ ಮದುವೆಯ ಪ್ರಸ್ತಾಪ ಬಂದರೆ ಹುಡುಗನ ಕಡೆಯವರು ಸದ್ದಿಲ್ಲದೆ ಹುಡುಗಿಯ ಓಣಿಗೆ ಬಂದು ನೆರೆಹೊರೆಯಲ್ಲಿ ವಿಚಾರಿಸಿ ಹೋಗುವ ಪದ್ಧತಿಯಿದೆ. ನಮ್ಮ ಬಂಟರಲ್ಲೇನು ಇಲ್ಲವೆಂದಲ್ಲ, ನಾವು ಊಟ ಮಾಡಿ ವಿಚಾರಿಸುತ್ತೇವೆ, ಅಷ್ಟೇ. ಹಾಗೆ ಬಂದವರು ಯಾರೇ ಆಗಲಿ, ಗೇಟಿನಲ್ಲಿ ನಿಂತ ನೊರ್ಬರ್ಟರನ್ನು ದಾಟಿ ಹೋಗುವುದು ಸಾಧ್ಯವಿಲ್ಲ. ಅವರು ಯಾರ ಬಗ್ಗೆಯೂ ಕೆಟ್ಟ ಮಾತು ಆಡಿದವರಲ್ಲ. ಆಕಾಶ ನೋಡಿ, "ನಾನು ಎಂತ ಹೇಳುವುದು? ಎದುರು ಮನೆಯವರು. ನೀವೇ ಸರಿಯಾಗಿ ವಿಚಾರಿಸಿ ನೋಡಿ," ಎನ್ನುತ್ತಾರೆ. ಅಷ್ಟು ಸಾಕು. ಬಂದವರು ಮತ್ತೆ ಯಾರನ್ನೂ ವಿಚಾರಿಸದೆ ಕಾರು ತಿರುಗಿಸುತ್ತಾರೆ.

ಎದುರು ಮನೆಯ ಗ್ಲೆನಿಟಾಳ ಪ್ರಸ್ತಾಪ ಹೀಗೆಯೇ ಮುರಿಯಿತು. ಅವಳು ನರ್ಸ್, ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಮನೆಗೆ ಬರುವವಳು. ನೊರ್ಬರ್ಟರ ಕಣ್ಣಿಗೆ ಬಿದ್ದ ದೋಷ ಅದೊಂದೇ. ಅವಳ ತಾಯಿ ಅಳುತ್ತಾ ಬಂದು ಕೇಳಿದಾಗ ಇವರು ಕಣ್ಣರಳಿಸಿ, "ನಾನು ಕೆಟ್ಟದ್ದು ಎಂತ ಹೇಳಿದ್ದೇನೆ?" ಎಂದರು. ಹೇಳಿರಲಿಲ್ಲ, ನಿಜ. ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಇಂಥವರು ಈ ವರ್ಷ ಒಂದು ಹಳೆಯ ಫಿಯೆಟ್ ಕಾರು ಕೊಂಡರು. ಮಗಳು ಏವ್ರಿಲ್‌ಳ ಮದುವೆ ಗೊತ್ತಾಗಿತ್ತು. ನೊರ್ಬರ್ಟರ ಅಪ್ಪ ಹಿಂದೆ ಹಂಚಿನ ಕಾರ್ಖಾನೆಯೊಂದರ ಮ್ಯಾನೇಜರರ ಡ್ರೈವರ್ ಆಗಿದ್ದವರು. ಆ ಮ್ಯಾನೇಜರರ ಕಾರಿನದೇ ಮಾದರಿಯ, ಅದೇ ಬೂದು ಬಣ್ಣದ ಫಿಯೆಟ್ ಇದು.

"ನನ್ನ ಅಮ್ಮ ಅದರಲ್ಲಿ ಒಂದು ಸಲವೂ ಕೂತದ್ದಿಲ್ಲ ಶೆಟ್ರೇ," ಎಂದರು ನನ್ನಲ್ಲಿ. "ಅಪ್ಪ ಆದಿತ್ಯವಾರ ಕೂಡ ಇಗರ್ಜಿಯಲ್ಲಿ ಪೂಜೆ ಮುಗಿಸಿ ಸೀದಾ ಹೋಗಿ ಅದನ್ನು ಒರೆಸ್ತಾ ಇದ್ರು. ನನ್ನ ಮಗಳು ಹಿಂದಿನ ಸೀಟಲ್ಲಿ ಕೂತು ಇಗರ್ಜಿಗೆ ಹೋಗ್ಬೇಕು. ಕಾರು ನಾನೇ ಬಿಡ್ತೇನೆ."

ಸುಳ್ಳೇಕೆ, ನನಗೂ ಪಾಪ ಅನ್ನಿಸಿತು.

ಕಾರು ಸಿಕ್ಕಿದ್ದು ಕೊಯಮತ್ತೂರಿನಲ್ಲಿ. ಅಲ್ಲಿ ನಡೆದ ತಪಾಸಣೆಯನ್ನು ಅವರ ಹೆಂಡತಿ ತೆರೆಸಾಬಾಯಿ ಇಂದಿಗೂ ನಾಚಿಕೆಯಿಂದಲೇ ಹೇಳುತ್ತಾರೆ. ಬಣ್ಣದಡಿ ಪುಟ್ಟಿ ಮೆತ್ತಿದ್ದಾರೋ ಎಂದು ಮೈಯಿಡೀ ಅಯಸ್ಕಾಂತ ಇಟ್ಟು ನೋಡಿದ್ದು, ಕಾರಿನ ಕೆಳಗೆ ಚಾಪೆ ಹಾಸಿ ಮಲಗಿದ್ದು, ಕಾರಿನ ಲೋಹದಲ್ಲೇ ಕೊರೆದ ಚಾಸಿ ನಂಬರನ್ನು ಆರ್‌ಸಿಯೊಂದಿಗೆ ಜಪಸರದ ಮಣಿ ಎಣಿಸುವಂತೆ ತಾಳೆ ನೋಡಿದ್ದು. ಮಾರುವ ಮುದುಕ ಕೊನೆಗೆ, ಬೇಡದಿದ್ದರೆ ಬಿಟ್ಟು ಹೋಗಿ ಎಂದು ಕೈಮುಗಿದನಂತೆ. ಎಲ್ಲ ಸರಿಯಾಗಿತ್ತು. ಅಲ್ಲಿನ ಆರ್‌ಟಿಓ ಕೊಟ್ಟ ಎನ್‌ಓಸಿ ಹಿಡಿದುಕೊಂಡು ಗೆದ್ದು ಬಂದರು. ಇಲ್ಲಿ ಇನ್‌ಸ್ಪೆಕ್ಟರ್ ಒಮ್ಮೆ ನೋಡಿ ಒಪ್ಪಿದರೆ ಕರ್ನಾಟಕದ ನಂಬರು ಬರುವುದಿತ್ತು.

ಆದರೆ ನೊರ್ಬರ್ಟರಿಗೆ ಒಂದು ಚಿಂತೆ ಹತ್ತಿತು. ಚಾಸಿ ನಂಬರಿನ ಮೇಲೆ ತುಕ್ಕು ಹಿಡಿದಿದೆ, ಇನ್‌ಸ್ಪೆಕ್ಟರಿಗೆ ಅಂಕಿ ಕಾಣದಿದ್ದರೆ? ತನ್ನ ಸರಕಿನಲ್ಲಿ ಇನ್ನೊಬ್ಬ ತಪಾಸಣೆಯವ ಕೊರತೆ ಹುಡುಕುವುದನ್ನು ಅವರು ಹೇಗೆ ಸಹಿಸಿಯಾರು! ಆರ್‌ಟಿಓಗೆ ಹೋಗುವ ಹಿಂದಿನ ದಿನ ಡ್ರಿಲ್ ಮಿಷನ್ನಿಗೆ ಸಾಣೆಚಕ್ರ ಸಿಕ್ಕಿಸಿ ತುಕ್ಕು ಉಜ್ಜಲು ಕೂತರು. ಓಣಿಯಿಡೀ ಕಿರ್ರೆಂದಿತು.

"ಸಾಕು ಮಾರಾಯ್ರೆ!" ತೆರೆಸಾಬಾಯಿ ಅಡುಗೆಮನೆಯಿಂದ ಕೂಗಿದರು.

"ಕನ್ನಡಿಯ ಹಾಗೆ ಆಗ್ಬೇಕು!" ಇವರು ಇಲ್ಲಿಂದ ಕೂಗಿದರು.

ಕನ್ನಡಿಯ ಹಾಗೆಯೇ ಆಯಿತು.

ಆರ್‌ಟಿಓಗೆ ನಾನೂ ಹೋಗಿದ್ದೆ. ತಮಾಷೆ ಬಿಟ್ಟಿ ಸಿಗುವಾಗ ಬಿಡುವ ಜನ ನಾನಲ್ಲ. ಇನ್‌ಸ್ಪೆಕ್ಟರ್ ಸುಪ್ರೀತಾ ಎಂಬ ಹುಡುಗಿ. ನಂಬರು ಇರುವ ಜಾಗದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದಳು. ಕಾಗದ ಕಪ್ಪಾಯಿತು, ಅಂಕಿ ಮೂಡಲಿಲ್ಲ. ಇನ್ನೊಂದು ಕಾಗದವಿಟ್ಟಳು. ಅದೂ ಅಷ್ಟೇ.

"ಸರ್, ನಂಬರ್ ಎಲ್ಲುಂಟು?"

"ಅಲ್ಲೇ ಉಂಟಲ್ಲ ಮೇಡಂ! ನಿನ್ನೆ ನಾನೇ ಕ್ಲೀನ್ ಮಾಡಿದ್ದು."

"ಎಂತದ್ರಲ್ಲಿ?"

"ಮಿಷನಲ್ಲಿ."

ಅವಳು ನೊರ್ಬರ್ಟರನ್ನು ನೋಡಿದ ರೀತಿ ನನಗೆ ಪರಿಚಿತವಾಗಿತ್ತು. ಬಂಗುಡೆಯ ಕಿವಿರನ್ನು ಇವರು ನೋಡುವುದು ಹಾಗೆಯೇ.

"ಕದ್ದ ಗಾಡಿಯವ್ರೂ ಇದನ್ನೇ ಮಾಡೋದು ಸರ್," ಎಂದಳು, ದನಿ ಏರಿಸದೆ. "ಪೊಲೀಸ್ ರಿಪೋರ್ಟ್ ಬರ್ಬೇಕು. ಆಮೇಲೆ ನಂಬರ್ ಪುನಃ ಹೊಡೆಸ್ಲಿಕ್ಕೆ ಆರ್ಡರ್ ಆಗ್ತದೆ. ಅಲ್ಲಿವರೆಗೆ ಗಾಡಿ ರೋಡಿಗೆ ತರ್ಬೇಡಿ."

ನೊರ್ಬರ್ಟ್ ಎನ್‌ಓಸಿ ತೋರಿಸಿದರು, ಕುವೈತಿನ ಅನುಭವ ಹೇಳಿದರು, ಮಗಳ ಮದುವೆ ಹೇಳಿದರು. ತಪಾಸಣೆಯವರ ಮುಂದೆ ಇಂಥದ್ದೆಲ್ಲ ನಡೆಯುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾರು ಎಳೆಸಿಕೊಂಡು ಮನೆಗೆ ಬಂದೆವು.

ಮುಂದಿನ ವಾರ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬೈಕಿನಲ್ಲಿ ಓಣಿಗೆ ಬಂದರು. ಮನುಷ್ಯ ಹೇಗೆ, ಕಾರಿನ ವ್ಯಾಪಾರವೇನಾದರೂ ಉಂಟಾ ಎಂದು ನೆರೆಹೊರೆಯಲ್ಲಿ ವಿಚಾರಿಸಬೇಕಿತ್ತು. ಮೊದಲು ನನ್ನನ್ನು ಕೇಳಿದರು. ಬಹಳ ಒಳ್ಳೆಯವರು ಎಂದೆ, ಓಣಿಯ ಮರ್ಯಾದೆಯ ಪ್ರಶ್ನೆ. ನೊರ್ಬರ್ಟ್ ತಮ್ಮ ಗೇಟಿನಲ್ಲಿ ನಿಂತು ತಲೆಯಾಡಿಸಿದರು. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಗ್ಲೆನಿಟಾ ಬಂದಳು.

"ಮೇಡಂ, ನಿಮ್ಮ ಎದುರು ಮನೆಯ ರೆಬೆಲ್ಲೊ ಹೇಗೆ ಜನ?"

ಗ್ಲೆನಿಟಾ ನಿಂತಳು. ಆಮೇಲೆ ಆಕಾಶ ನೋಡಿದಳು.

"ನಾನು ಎಂತ ಹೇಳುವುದು ಸರ್? ಎದುರು ಮನೆಯವರು. ನೀವೇ ಸರಿಯಾಗಿ ವಿಚಾರಿಸಿ ನೋಡಿ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಮುಚ್ಚಿ ಜೇಬಿಗೆ ಹಾಕಿಕೊಂಡರು. "ಇದು ಹೀಗೆ ಆಗುವುದಿಲ್ಲ. ಕೊಯಮತ್ತೂರಿಗೆ ಬರೆದು ಕೇಳ್ಬೇಕು. ಟೈಮ್ ಹಿಡೀತದೆ," ಎಂದು ಬೈಕು ಹತ್ತಿದರು. ಮದುವೆಯೊಳಗೆ ಕಾರು ಹೊರಡುವ ಆಸೆ ಆ ಬೈಕಿನ ಹಿಂದೆಯೇ ಹೋಯಿತು.

ನೊರ್ಬರ್ಟ್ ರಸ್ತೆ ದಾಟಿ ಬಂದರು.

"ನಾನು ಕಳ್ಳನಾ ಗ್ಲೆನಿಟಾ? ಒಂದು ಒಳ್ಳೆ ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ನಾನು ಕೆಟ್ಟದ್ದು ಎಂತ ಹೇಳಿದ್ದೇನೆ ಅಂಕಲ್?"

ಅವರು ಸಾಕ್ಷಿಗೆಂಬಂತೆ ನನ್ನ ಮುಖ ನೋಡಿದರು. ನಾನು ಏನು ಮಾಡಲಿ, ಕೆಟ್ಟದ್ದೇನೂ ಹೇಳಲಿಲ್ಲ ಎಂದೆ. ಅವಳು ಗೇಟು ಹಾಕಿಕೊಂಡು ನಿದ್ದೆ ಮಾಡಲು ಒಳಗೆ ಹೋದಳು.

ಮದುವೆಯ ದಿನ ಹೂವು ಕಟ್ಟಿದ ಬಾಡಿಗೆ ಕಾರು ಬಂತು. ಬಿಳಿ ಗೌನಿನಲ್ಲಿ ಹೊರಬಂದ ಏವ್ರಿಲ್ ಅಪ್ಪನನ್ನು ಹುಡುಕಿದಳು, ತೆರೆಸಾಬಾಯಿ ಕರೆದರು, ನಾನೂ ಕರೆದೆ. ನೊರ್ಬರ್ಟ್ ಹೊಸ ಸೂಟು ಹಾಕಿಕೊಂಡು, ಕೈಯಲ್ಲೊಂದು ಬಟ್ಟೆ ಹಿಡಿದು, ಪೋರ್ಟಿಕೋದಲ್ಲಿ ಫಿಯೆಟ್ಟಿನ ಹಿಂದಿನ ಬಾಗಿಲು ಒರೆಸುತ್ತಿದ್ದರು.