ಕೃಷ್ಣೆಗೆ ಹೋದ ಅಡಿಟಿಪ್ಪಣಿಗಳು

ಎಂ.ಎ. ಕೊನೆಯ ವರ್ಷದಲ್ಲಿ ಒಂದು ಪ್ರಬಂಧ ಬರೆದು ಕೊಡಬೇಕಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನು ಆ ಓದಿಗೆ ಹೆಸರು ಹಚ್ಚುತ್ತಲೇ ಇರಲಿಲ್ಲ. ಪಾಠಗಳು ಅಂಚೆಯಲ್ಲಿ ಬರುತ್ತವೆ, ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಓದಿಕೊಂಡರಾಯಿತು, ವರ್ಷಕ್ಕೊಮ್ಮೆ ಪರೀಕ್ಷೆ ಬರೆದರಾಯಿತು ಎಂದುಕೊಂಡಿದ್ದೆ. ಪ್ರಬಂಧದ ಸುದ್ದಿ ತಿಳಿದಾಗ ಹಿಂದೆ ಸರಿಯುವ ಹೊತ್ತು ಮೀರಿಹೋಗಿತ್ತು. ಅದನ್ನು ಗೊತ್ತುಮಾಡಿದ ದಿನದೊಳಗೆ ಕೊಡದಿದ್ದರೆ ಇಡೀ ವರ್ಷ ಮತ್ತೆ ಓದಬೇಕು. ಇನ್ನೊಂದು ವರ್ಷ ಓದುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ನಮ್ಮ ಮನೆಯವರು ಬ್ಯಾಂಕಿನಲ್ಲಿ ಅಧಿಕಾರಿ. ನಮ್ಮದು ಬಾಗಲಕೋಟೆ ಕಡೆ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದಾಗ ಊರೊಳಗಿನ ಬಾಡಿಗೆ ನಮಗೆ ನಿಲುಕದೆ ಊರಂಚಿನ ಪೆಂಡುರ್ತಿಯಲ್ಲಿ ಮನೆ ಹಿಡಿದಿದ್ದೆವು. ಅತ್ತೆ ನಮ್ಮ ಜೊತೆಗೇ ಇದ್ದರು. ಮಕ್ಕಳಿಬ್ಬರೂ ಆಗಲೇ ತಮ್ಮತಮ್ಮೊಳಗೆ ತೆಲುಗಿನಲ್ಲೇ ಜಗಳಾಡುತ್ತಿದ್ದರು. ಅಜ್ಜಿಯ ಹತ್ತಿರ ಏನಾದರೂ ಕೇಳಬೇಕಾದಾಗ ಮಾತ್ರ ಅವರಿಗೆ ಕನ್ನಡ ನೆನಪಾಗುತ್ತಿತ್ತು.

ನನಗೆ ಮಾರ್ಗದರ್ಶನ ಮಾಡಲು ವಿಶ್ವವಿದ್ಯಾಲಯದವರು ಇತಿಹಾಸದ ಒಬ್ಬ ಮೇಡಂ ಅವರನ್ನು ಗೊತ್ತುಮಾಡಿದರು. ತೆಲುಗಿನವರು, ನನಗಿಂತ ಕಿರಿಯರು, ಆದರೂ ನನ್ನನ್ನು ಅಮ್ಮಾ ಎಂದೇ ಕರೆಯುತ್ತಿದ್ದರು. ಊರೊಳಗೆ ಹೋಗುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಸಿಂಹಾಚಲದ ಬೆಟ್ಟ ಕಾಣುತ್ತಿತ್ತಲ್ಲ, ಹಾಗಾಗಿ ಸಿಂಹಾಚಲದ ದೇವಸ್ಥಾನದ ಬಗ್ಗೆ ಬರೆಯುತ್ತೇನೆ ಎಂದೆ. ದೇವಸ್ಥಾನದ ಬಗ್ಗೆ ಬರೆಯಲು ಒಂದು ಜನ್ಮ ಸಾಲದು, ಅದರಲ್ಲಿ ಯಾವುದು ಎಂದು ಅವರು ಕೇಳಿದರು. ದಾನಗಳು ಎಂದೆ. ಯಾರು ಕೊಟ್ಟ ದಾನ ಎಂದರು. ಹೀಗೆ ಕತ್ತರಿಸುತ್ತ ಕತ್ತರಿಸುತ್ತ ಕೊನೆಗೆ ಉಳಿದದ್ದು, ಹೆಂಗಸರು ಆ ದೇವರಿಗೆ ಕೊಟ್ಟ ಅಖಂಡ ದೀಪಗಳು. ಹಗಲೂ ರಾತ್ರಿ ಆರದೆ ಉರಿಯಬೇಕಾದ ದೀಪ. ಅದರ ತುಪ್ಪಕ್ಕೆಂದು ಹಸುಗಳನ್ನೋ ಭೂಮಿಯನ್ನೋ ಬಿಟ್ಟುಕೊಟ್ಟು, ಕಲ್ಲಿನ ಮೇಲೆ ಬರೆಸುತ್ತಿದ್ದರು. ದೀಪ ಹಚ್ಚುವ ಕೆಲಸವಾದರೆ ನನಗೂ ಗೊತ್ತಿರುವುದೇ ಎಂದು ಸಮಾಧಾನವಾಯಿತು.

ಕೆಲಸದ ರೀತಿಯನ್ನು ಮೇಡಂ ಮೊದಲ ದಿನವೇ ಹೇಳಿಕೊಟ್ಟರು. ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತೀರಿ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದು ಕಣ್ಣೆದುರಿಗೆ ಇಟ್ಟುಕೊಳ್ಳಬೇಕು. ನಾನು ಅದನ್ನು ದೇವರ ಮನೆಯ ಗೋಡೆಗೆ ಅಂಟಿಸಿದೆ. ಆಮೇಲೆ ಅಧ್ಯಾಯಗಳ ತಲೆಬರಹ. ಆಮೇಲೆ ಓದು. ಓದುವಾಗ ಒಂದು ಸಂಗತಿಗೆ ಒಂದು ಕಾರ್ಡು. ಅದರ ಮೇಲೆ ಪುಸ್ತಕ, ಬರೆದವರು, ಅಚ್ಚಾದ ಊರು, ವರ್ಷ, ಪುಟ, ಶಾಸನವಾದರೆ ಅದರ ಸಂಖ್ಯೆ. ಕರಡು ಬರೆಯುವಾಗ ಇಷ್ಟೆಲ್ಲ ಬರೆಯುತ್ತ ಕೂರಬೇಡಿ, ಕಾರ್ಡಿನ ನಂಬರನ್ನಷ್ಟೇ ಹಾಕಿಕೊಂಡು ಹೋಗಿ, ಕೊನೆಗೆ ಕಾರ್ಡು ನೋಡಿ ಪುಟದ ಕೆಳಗೆ ಅಡಿಟಿಪ್ಪಣಿ ಬರೆದರಾಯಿತು ಎಂದರು. ನಿಮ್ಮ ಮಾತಿನ ಮೇಲೆ ಅನುಮಾನ ಬಂದವರು ತಾವೇ ಹೋಗಿ ತೆಗೆದು ನೋಡುವಂತಿರಬೇಕು, ಅಡಿಟಿಪ್ಪಣಿ ಇರುವುದೇ ಅದಕ್ಕೆ ಎಂದೂ ಹೇಳಿದರು.

ಕಾರ್ಡುಗಳಿಗೆ ನಾನು ಎಲ್ಲಿಗೂ ಹೋಗಲಿಲ್ಲ. ಬ್ಯಾಂಕಿನ ಗಿರಾಕಿಗಳು ಕೊಡುತ್ತಿದ್ದ ಮದುವೆಯ ಆಮಂತ್ರಣಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಮುಂದೆ ಗಣಪತಿಯೋ ವೆಂಕಟರಮಣನೋ, ನಾಲ್ಕೂ ಮೂಲೆಗೆ ಅರಿಷಿಣ. ಬೆನ್ನು ಮಾತ್ರ ಖಾಲಿ, ರಟ್ಟಿನಷ್ಟು ದಪ್ಪ. ದೇವರ ಚಿತ್ರವಿದ್ದ ಕಾಗದವನ್ನು ಕಸಕ್ಕೆ ಹಾಕುವಂತಿಲ್ಲ ಎಂದು ಅತ್ತೆ ಅವನ್ನೆಲ್ಲ ಒಂದು ಬುಟ್ಟಿಯಲ್ಲಿ ಕೂಡಿಟ್ಟಿದ್ದರು. ಸಮುದ್ರ ಇಲ್ಲೇ ಇದೆಯಲ್ಲ, ಬಿಟ್ಟು ಬರೋಣವೇ ಎಂದು ಒಮ್ಮೆ ಕೇಳಿದ್ದೆ.

"ಸಮುದ್ರಕ್ಕ ಬಿಟ್ರ ಅಲಿ ಮತ್ತ ದಂಡಿಗಿ ತಂದು ಒಗೀತದ," ಎಂದರು ಅತ್ತೆ. "ಮಂದಿ ತುಳೀತಾರ. ಹೊಳಿ ಸಿಕ್ಕಾಗ ಬಿಟ್ರಾತು."

ಆ ಬುಟ್ಟಿಯಿಂದಲೇ ನಾನು ಬೇಕಾದಷ್ಟು ಆರಿಸಿಕೊಂಡೆ. ಅಂಚೆಯಲ್ಲಿ ಓದುವ ನನ್ನಂಥವರಿಗೆ ವಿಶ್ವವಿದ್ಯಾಲಯದವರು ಪುಸ್ತಕ ಮನೆಗೆ ಕೊಡುತ್ತಿರಲಿಲ್ಲ. ಮಕ್ಕಳು ಶಾಲೆಗೆ ಹೋದ ಮೇಲೆ ಬಸ್ಸು ಹಿಡಿದು ಹೋಗಿ, ಗ್ರಂಥಾಲಯದಲ್ಲಿ ಆ ಭಾರದ ಶಾಸನ ಸಂಪುಟಗಳನ್ನು ಮೇಜಿನ ಮೇಲೆ ತೆರೆದುಕೊಂಡು ಕಾರ್ಡುಗಳಿಗೆ ಇಳಿಸಿ, ಮಕ್ಕಳು ಬರುವುದರೊಳಗೆ ಮನೆ ಮುಟ್ಟುತ್ತಿದ್ದೆ. ಸಂಜೆ ದೀಪ ಹಚ್ಚುವಾಗ ಅವತ್ತು ಓದಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಗಂಡನ ಪುಣ್ಯಕ್ಕೆಂದು ಒಬ್ಬಳು ದೀಪ ಕೊಟ್ಟಳಂತೆ, ತಂದೆತಾಯಿಗೆಂದು ಇನ್ನೊಬ್ಬಳು. ಅತ್ತೆ ಬತ್ತಿ ಹೊಸೆಯುತ್ತ ಕೇಳುತ್ತಿದ್ದರು.

ಒಂದು ದಿನ, ತನ್ನ ಅತ್ತೆಯ ಪುಣ್ಯಕ್ಕಾಗಿ ದೀಪ ಕೊಟ್ಟ ಒಬ್ಬ ಸೊಸೆಯ ಸಂಗತಿ ಹೇಳಿದೆ. ಅತ್ತೆಯ ಕೈ ನಿಂತಿತು. ಮತ್ತೊಮ್ಮೆ ಹೇಳಿಸಿಕೊಂಡರು. ಮರುದಿನ ಓಣಿಯ ಹೆಂಗಸರಿಗೆಲ್ಲ ತಮ್ಮ ಹರಕು ತೆಲುಗಿನಲ್ಲಿ ಅದನ್ನು ಹೇಳಿ, ಕೊನೆಗೆ ನನ್ನ ಕಡೆ ತಿರುಗಿ, "ನೋಡವ್ವಾ, ಆ ಕಾಲದ ಸೊಸೆಂದ್ರು ಹೆಂಗಿದ್ರು," ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಹೆಂಗಸು ನನ್ನ ಪ್ರಬಂಧದ ಮೂರನೆಯ ಅಧ್ಯಾಯದ ಕೊನೆಯ ಪ್ಯಾರಾ ಆದಳು. ಬರೆದದ್ದರಲ್ಲೆಲ್ಲ ನನಗೆ ಚೆನ್ನಾಗಿ ಬಂದಿದೆ ಅನ್ನಿಸಿದ್ದು ಅದೊಂದೇ ಪ್ಯಾರಾ.

ಕರಡು ಮುಗಿಯಿತು ಅನ್ನುವಾಗ ವಿಜಯವಾಡಕ್ಕೆ ವರ್ಗವಾಯಿತು. ಮನೆಯ ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ನಮ್ಮ ಮನೆಯವರು ಕಾರ್ಡುಗಳೆಲ್ಲ ಒಂದೇ ಜಾತಿ ಎಂದು ಅತ್ತೆಯ ಬುಟ್ಟಿಯಲ್ಲಿದ್ದವನ್ನೂ ನನ್ನವನ್ನೂ ಸೇರಿಸಿ ಒಂದೇ ಚೀಲಕ್ಕೆ ತುಂಬಿದರು. ಅದು ನನಗೆ ಗೊತ್ತಾಗಲಿಲ್ಲ.

ವಿಜಯವಾಡಕ್ಕೆ ಬಂದ ಮೇಲೆ ಅತ್ತೆಯ ಮುಖದಲ್ಲಿ ಕಳೆ ಬಂತು. ಕೃಷ್ಣೆ ನಮ್ಮ ಕಡೆಯಿಂದ ಹರಿದು ಬರುವ ಹೊಳೆಯಲ್ಲವೇ. ತವರಿನಿಂದ ಯಾರೋ ನೋಡಲು ಬಂದಿದ್ದಾರೆ ಎಂಬಂತೆ ಅವರು ಮೊದಲ ಏಕಾದಶಿಗೇ ಪಕ್ಕದ ಮನೆಯವರ ಜೊತೆ ಆಟೋದಲ್ಲಿ ಘಾಟಿಗೆ ಸ್ನಾನಕ್ಕೆ ಹೋದರು. ನಾನು ಒಲೆಯ ಮೇಲೆ ಕುಕ್ಕರು ಇಟ್ಟು, ಇವತ್ತಾದರೂ ಅಡಿಟಿಪ್ಪಣಿ ಬರೆಯಲು ಕೂರೋಣವೆಂದು ಕಾರ್ಡುಗಳನ್ನು ಹುಡುಕತೊಡಗಿದೆ. ಪೆಟ್ಟಿಗೆಯಲ್ಲಿರಲಿಲ್ಲ, ಅಟ್ಟದ ಮೇಲಿರಲಿಲ್ಲ. ಅಷ್ಟರಲ್ಲಿ ಅತ್ತೆ ಒದ್ದೆ ತಲೆಗೆ ಸೆರಗು ಹೊದ್ದುಕೊಂಡು, ಹಣೆಯ ತುಂಬ ಅಂಗಾರ ಇಟ್ಟುಕೊಂಡು ಬಂದರು. ಕೇಳಿದೆ.

"ಕಾರ್ಡಿನ ಚೀಲಾ? ಹೊಳಿಗೆ ಬಿಟ್ಟು ಬಂದೆ. ನಮ್ಮೂರ ನೀರು, ಎಲ್ಲಾ ತೊಗೊಂಡು ಹೋತು."

"ಅದರ ಬೆನ್ನಿಗೆ ನಾ ಬರದಿದ್ದೆನಲ್ರಿ ಅತ್ತಿ."

ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ದೇವರ ಚಿತ್ರ ಇದ್ದ ಕಾರ್ಡಿನ ಬೆನ್ನ ಮ್ಯಾಲ ಯಾರರ ಬರೀತಾರೇನು?"

ಕುಕ್ಕರು ಕೂಗಿತು, ಒಳಗೆ ಹೋಗಿ ಇಳಿಸಿದೆ. ಅವತ್ತು ಏಕಾದಶಿ, ನನಗೂ ಉಪವಾಸ. ಊಟ ಸೇರದ್ದನ್ನು ಯಾರೂ ಗಮನಿಸಲಿಲ್ಲ, ಅದೂ ಒಂದು ದೇವರ ದಯೆ.

ಕರಡನ್ನು ಬಿಚ್ಚಿ ನೋಡಿದರೆ ಪ್ರತಿ ಸಾಲಿನ ತಲೆಯ ಮೇಲೂ ಸಣ್ಣ ಸಣ್ಣ ನಂಬರು. ಯಾವ ನಂಬರು ಯಾವ ಪುಸ್ತಕಕ್ಕೆ ಕರೆದೊಯ್ಯುತ್ತದೆ ಎಂದು ಹೇಳಬೇಕಾದ ಕಾರ್ಡುಗಳು ನೀರಿನಲ್ಲಿದ್ದವು. ನಮ್ಮ ಮನೆಯವರು ಆಫೀಸಿನಿಂದ ಬಂದು ಚಹಾ ಕುಡಿಯುತ್ತ ಎಲ್ಲ ಕೇಳಿಸಿಕೊಂಡರು.

"ನೆನಪಿದ್ದಷ್ಟು ಬರಿ. ಉಳದದ್ದಕ್ಕ ಒಂದೊಂದು ಪುಟ ಹಾಕು. ಯಾರ್ ತಗದು ನೋಡ್ತಾರ?"

"ನಿಮ್ಮ ಬ್ಯಾಂಕಿನಾಗ ವೋಚರ್ ಇಲ್ದ ರೊಕ್ಕಾ ಕೊಡ್ತೀರೇನು?" ಎಂದೆ.

"ಅಲ್ಲೆ ಇನ್‌ಸ್ಪೆಕ್ಷನ್‌ಗೆ ಬರ್ತಾರ. ನಿನ್ನ ಅಖಂಡ ದೀಪಕ್ಕ ಯಾರ್ ಬರ್ತಾರ, ತುಪ್ಪಾ ಹಾಕ್ಲಿಕ್ಕೆ?"

ಅವರು ಹಾಗೆ ಚೇಷ್ಟೆ ಮಾಡಿದರೂ ಮರುದಿನ ತಾವೇ ವಿಶಾಖಪಟ್ಟಣಕ್ಕೆ ಟಿಕೆಟ್ ಮಾಡಿಸಿಕೊಂಡು ಬಂದರು. ಮಕ್ಕಳನ್ನೂ ಮನೆಯನ್ನೂ ತಾವು ನೋಡಿಕೊಳ್ಳುವುದಾಗಿ ಹೇಳಿದರು. ಟಿಕೆಟ್ ನೋಡಿದರೆ ಎರಡಿದ್ದವು. ಅತ್ತೆಯೂ ಹೊರಟಿದ್ದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ, ನಾನು ನಿರೀಕ್ಷಿಸಲೂ ಇಲ್ಲ. ಸಿಂಹಾಚಲದ ಸ್ವಾಮಿಗೆ ಹೇಳದೆ ಊರು ಬಿಟ್ಟು ಬಂದದ್ದು ಮನಸ್ಸಿಗೆ ಚುಚ್ಚುತ್ತಿದೆ, ಹೋಗಿ ಬರಬೇಕು ಎಂದಷ್ಟೇ ಹೇಳಿದರು.

ಬೇಸಿಗೆ. ರೈಲಿನ ಕಿಟಕಿಯ ಕಂಬಿ ಮುಟ್ಟಿದರೆ ಕೈ ಸುಡುತ್ತಿತ್ತು. ರಾಜಮಂಡ್ರಿಯ ಸೇತುವೆಯ ಮೇಲೆ ಅತ್ತೆ ಗೋದಾವರಿಗೆ ಕೈ ಮುಗಿದರು. ಇನ್ನೇನನ್ನೂ ಹೊಳೆಗೆ ಹಾಕದೆ ಕುಳಿತರು. ಪೆಂಡುರ್ತಿಯಲ್ಲಿ ನಮ್ಮ ಹಳೆಯ ನೆರೆಮನೆಯವರು ಹಿಂದಿನ ಕೋಣೆ ಬಿಟ್ಟುಕೊಟ್ಟರು. ಆ ಮನೆಯ ಸೊಸೆ ಬಳ್ಳಾರಿ ಕಡೆಯವಳು, ತೆಲುಗಿನವರನ್ನು ಮದುವೆಯಾದವಳು. ಬೆಳಿಗ್ಗೆ ನಾವು ಹೊರಡುವಷ್ಟರಲ್ಲಿ ಡಬ್ಬಿಗೆ ಚಿತ್ರಾನ್ನ ಹಾಕಿಕೊಡುತ್ತಿದ್ದಳು.

ದಿನಾ ಅದೇ ಬಸ್ಸು, ಅದೇ ಮೇಜು. ಅತ್ತೆ ಗ್ರಂಥಾಲಯದ ವರಾಂಡದಲ್ಲಿ ಕಂಬಕ್ಕೆ ಒರಗಿ ಜಪಮಾಲೆ ಹಿಡಿದು ಕೂರುತ್ತಿದ್ದರು. ಒಬ್ಬಳನ್ನೇ ಕಳಿಸಲು ಅವರಿಗೆ ಮನಸ್ಸಿರಲಿಲ್ಲ. ಒಳಗೆ ನಾನು ಕರಡಿನಲ್ಲಿದ್ದ ಹೆಂಗಸರನ್ನು ಒಬ್ಬೊಬ್ಬರಾಗಿ ಮತ್ತೆ ಹುಡುಕುತ್ತಿದ್ದೆ. ಅಂಗಡಿಯಲ್ಲಿ ಕೊಂಡ ಬಿಳಿ ಕಾರ್ಡುಗಳ ಮೇಲೆ, ಎರಡೂ ಕಡೆ ಯಾವ ದೇವರೂ ಇಲ್ಲವೆಂದು ನೋಡಿಕೊಂಡು, ಬರೆಯುತ್ತಿದ್ದೆ. ಫ್ಯಾನಿನ ಕೆಳಗಿನ ಕುರ್ಚಿ ಸಿಕ್ಕ ದಿನ ಅದೇ ದೊಡ್ಡದು. ಸಂಪುಟಗಳನ್ನು ಎತ್ತಿಕೊಡುವ ಜವಾನ ನನ್ನನ್ನು ಮರೆತಿರಲಿಲ್ಲ, ಅದೂ ದೊಡ್ಡದು. ಮಧ್ಯಾಹ್ನದ ಹೊತ್ತಿಗೆ ಅಕ್ಷರಗಳು ಇರುವೆಗಳಂತೆ ಹರಿದಾಡುತ್ತಿದ್ದವು. ಹೊರಗೆ ಬಂದು ಅತ್ತೆಯ ಪಕ್ಕದಲ್ಲಿ ಕಾಲು ಚಾಚಿ ಕೂತರೆ ಪಾದಗಳು ಬಾತುಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

ಪ್ರತಿ ಸಂಜೆ ಅತ್ತೆಯದು ಒಂದೇ ಪ್ರಶ್ನೆ. "ಸಿಕ್ಕಳೇನು ಆಕಿ?"

ಬೇರೆಯವರು ಸಿಗುತ್ತಿದ್ದರು. ಗಂಡನಿಗೆಂದು ಕೊಟ್ಟವಳು ಸಿಕ್ಕಳು, ತಂದೆತಾಯಿಗೆಂದು ಕೊಟ್ಟವಳೂ ಸಿಕ್ಕಳು. ತನ್ನ ಅತ್ತೆಗೆಂದು ಕೊಟ್ಟ ಆಕೆ ಮಾತ್ರ ಸಿಗಲಿಲ್ಲ. ಸಂಪುಟದ ಹಿಂದಿನ ಸೂಚಿಯಲ್ಲಿ ಹುಡುಕಿದೆ, ಬೇರೆ ಲೇಖಕರು ಬರೆದ ಇತಿಹಾಸಗಳಲ್ಲಿ ಹುಡುಕಿದೆ, ಮೊದಲಿನಿಂದ ಪುಟ ಮಗುಚಿದೆ. ಇದ್ದ ದಿನಗಳು ಮುಗಿಯುತ್ತ ಬಂದಂತೆ ನನ್ನೊಳಗೆ ಬೇರೊಂದು ಅನುಮಾನ ಹುಟ್ಟಿತು. ನಾನು ಅದನ್ನು ನಿಜಕ್ಕೂ ಓದಿದ್ದೆನೇ? ಯಾವುದೋ ಸವೆದ ಸಾಲಿಗೆ ನಾನೇ ಅರ್ಥ ಹಚ್ಚಿದ್ದೆನೇ? ದಣಿದು ಬಂದ ಯಾವುದೋ ಸಂಜೆ, ಅತ್ತೆಗೆ ಹಿತವಾಗಲೆಂದು ಬಾಯಿಗೆ ಬಂದದ್ದನ್ನು ಹೇಳಿ, ಆಮೇಲೆ ಅದನ್ನೇ ನಿಜವೆಂದು ನಂಬಿ ಕರಡಿಗೆ ಇಳಿಸಿದ್ದೆನೇ? ಇವತ್ತಿಗೂ ನನಗೆ ಗೊತ್ತಿಲ್ಲ. ಕಾರ್ಡಿದ್ದಿದ್ದರೆ ಗೊತ್ತಾಗುತ್ತಿತ್ತು.

ಹೊರಡುವ ಮುನ್ನಾ ದಿನ ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಚಹಾ ತರಿಸಿದರು. ಹೊಳೆಯ ಕಥೆ ಕೇಳಿ ನಕ್ಕು, ನಕ್ಕದ್ದಕ್ಕೆ ಕ್ಷಮೆ ಕೇಳಿದರು. ಆ ಪ್ಯಾರಾವನ್ನು ಎರಡು ಸಲ ಓದಿದರು. ಆಮೇಲೆ ತೆಲುಗಿನಲ್ಲಿ ಹೇಳಿದರು: "ನಿಮ್ಮ ಮೇಲೆ ನನಗೆ ನಂಬಿಕೆ ಇದೆಯಮ್ಮಾ. ಆದರೆ ನನ್ನ ನಂಬಿಕೆಯನ್ನು ಅಡಿಟಿಪ್ಪಣಿಯಲ್ಲಿ ಹಾಕುವುದಕ್ಕೆ ಆಗುವುದಿಲ್ಲ." ತೆಗೆಯಿರಿ ಎಂದೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬೆಟ್ಟ ಹತ್ತಿ ಸ್ವಾಮಿಯ ದರ್ಶನ ಮಾಡಿದೆವು. ಚಂದನದೊಳಗೆ ಮುಚ್ಚಿಕೊಂಡ ದೇವರು. ಸಿಗಲಿ ಎಂದು ಬೇಡಿಕೊಳ್ಳಲು ಹೋದವಳು, ಸಾಕಾಗಿದೆಯಪ್ಪಾ ಎಂದಷ್ಟೇ ಹೇಳಿ ಬಂದೆ.

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಒಬ್ಬ ಟೈಪಿಸ್ಟ್ ಇದ್ದರು. ಅಡಿಟಿಪ್ಪಣಿಯ ಕೆಲಸವೆಂದರೆ ಅವರಿಗೆ ತಲೆನೋವು. ಪುಟದ ಕೆಳಗೆ ಎಷ್ಟು ಸಾಲು ಬೇಕೆಂದು ಮೊದಲೇ ಲೆಕ್ಕ ಹಾಕಿ ಜಾಗ ಬಿಡಬೇಕು. ಒಂದು ಟಿಪ್ಪಣಿ ಹೆಚ್ಚಾದರೆ ಕಾರ್ಬನ್ನು ಇಟ್ಟು ಪುಟವನ್ನೇ ಮತ್ತೆ ಹೊಡೆಯಬೇಕು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತು ಒಂದೊಂದೇ ಹಾಳೆ ಕೊಡುತ್ತಿದ್ದೆ. ಮೂರನೆಯ ಅಧ್ಯಾಯದ ಕೊನೆಯ ಹಾಳೆ ಬಂದಾಗ ಕೈ ತಡೆಯಿತು. ಆ ಪ್ಯಾರಾದ ಹಿಂದಿನ ಸಾಲಿಗೆ ಸರಿಯಾದ ಒಂದು ಟಿಪ್ಪಣಿ ಇತ್ತು. ಅದರ ನಂಬರನ್ನು ಪ್ಯಾರಾದ ಕೊನೆಗೆ ಸರಿಸಿದರೆ ಎರಡಕ್ಕೂ ಅದೇ ಆಧಾರ ಎಂದು ಓದುವವರು ತಿಳಿಯುತ್ತಿದ್ದರು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಆದರೆ ಅನುಮಾನ ಬಂದ ಯಾರೋ ಒಬ್ಬರು, ನನ್ನಂತೆಯೇ ಬಿಸಿಲಿನಲ್ಲಿ ಬಸ್ಸು ಹಿಡಿದು ಹೋಗಿ, ಆ ಪುಟ ತೆರೆದು, ಅಲ್ಲಿ ಆಕೆಯಿಲ್ಲದ್ದನ್ನು ನೋಡಿ ಕೂರುವುದು ಕಣ್ಣಿಗೆ ಕಟ್ಟಿತು. ಟೈಪಿಸ್ಟರ ಪೆನ್ನು ಇಸಿದುಕೊಂಡು ಪ್ಯಾರಾಕ್ಕೆ ಅಡ್ಡಗೆರೆ ಎಳೆದೆ. ಪುಟ ಅರ್ಧ ಖಾಲಿ ಉಳಿಯುತ್ತದಲ್ಲ ಎಂದು ಅವರು ಕೇಳಿದರು. ಉಳಿಯಲಿ ಎಂದೆ.

ಗೊತ್ತುಮಾಡಿದ ದಿನದೊಳಗೆ ಪ್ರಬಂಧ ತಲುಪಿತು. ಕೆಲವು ತಿಂಗಳ ಮೇಲೆ ಫಲಿತಾಂಶ ಬಂತು; ಪಾಸಾಗಿದ್ದೆ, ಅಂಕಗಳು ಸಾಧಾರಣ. ನಮ್ಮ ಮನೆಯವರು ಪೂತರೇಕುಲು ಎಂಬ ಆ ಕಡೆಯ ಸಿಹಿ ತಂದು, ಇನ್‌ಸ್ಪೆಕ್ಷನ್ ಆತಲ್ಲ ಎಂದು ನಕ್ಕರು. ನನಗೆ ಸಂತೋಷಕ್ಕಿಂತ ಹೆಚ್ಚಾಗಿ ಮಲಗಿ ನಿದ್ದೆ ಮಾಡಬೇಕು ಅನ್ನಿಸಿತು.

ಅತ್ತೆ ಮಾತ್ರ ಪುಸ್ತಕ ತೋರಿಸು ಎಂದರು. ಮನೆಯಲ್ಲಿದ್ದ ಕಾರ್ಬನ್ ಪ್ರತಿ ತಂದುಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಇಂಗ್ಲಿಷ್ ಬಾರದಿದ್ದರೂ ಒಂದೊಂದೇ ಹಾಳೆ ತಿರುವುತ್ತ ಹೋದರು. ಅರ್ಧ ಖಾಲಿ ಪುಟ ಬಂದಾಗ ಬೆರಳಿಟ್ಟು ನಿಂತರು.

"ಇಲ್ಲೆ ಯಾಕ ಬರ್ದಿಲ್ಲ?"

"ಅಲ್ಲೆ ಆಕಿ ಇದ್ದಳ್ರಿ ಅತ್ತಿ. ಸಿಗಲಿಲ್ಲಲ್ಲ, ತಗದೆ."

ಅತ್ತೆ ಆ ಖಾಲಿ ಜಾಗದ ಮೇಲೆ ಅಂಗೈಯನ್ನು ನಿಧಾನವಾಗಿ ಒಮ್ಮೆ ಆಡಿಸಿದರು. ನನ್ನ ಮೇಲೆ ಸಿಟ್ಟಾಗುತ್ತಾರೆ ಎಂದುಕೊಂಡೆ.

"ಹೋಗ್ಲಿ ಬಿಡು," ಎಂದರು. "ಜಾಗಾನಾದ್ರೂ ಬಿಟ್ಟೀಯಲ್ಲ." ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟು, ಮೊಣಕಾಲು ಹಿಡಿದುಕೊಂಡು ಎದ್ದರು. "ಏಳು, ದೀಪದ ಹೊತ್ತಾತು."