ನಿಂತವರ ಚೀಲ

ಮಸಾತ್ಲಾನ್ ಬಂದರಿನ ಬಸ್ಸುಗಳಲ್ಲಿ ನಿಂತವರ ಚೀಲವನ್ನು ಕೂತವರು ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಕೇಳುವುದು, ಹೇಳುವುದು ಏನೂ ಇಲ್ಲ. ಹಾಯಿದೋಣಿಯಲ್ಲಿ ಊರೂರು ಸುತ್ತುತ್ತ ಬಂದಿದ್ದ ಪರದೇಶದ ಹೆಂಗಸೊಬ್ಬಳು ಎದುರಿಗೆ ನಿಂತಾಗ, ಮೆಕ್ಕೆಜೋಳದ ಕಡುಬು ಮಾರುವ, ಊರವರೆಲ್ಲ ಗೌರವದಿಂದ ದೋನ್ಯಾ ಎನ್ನುವ ಎಲೋದಿಯಾ ಎಂದಿನಂತೆ ಅವಳ ಚೀಲಕ್ಕೆ ಕೈಹಾಕಿದಳು. ಆಕೆ ಕಿರುಚಿ ಚೀಲವನ್ನು ಎದೆಗವಚಿಕೊಂಡಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

"ಏನ್ ದೋನ್ಯಾ, ಈ ವಯಸ್ಸಲ್ಲಿ ಹೊಸ ಕಸುಬು ಶುರುಮಾಡಿದ್ರಾ?" ಎಂದು ಡ್ರೈವರ್ ನಕ್ಕ.

ಎಲೋದಿಯಾ ನಾಚಿಕೆಯಿಂದ ಹಿಡಿಯಾಗಿ, ಕೈಗಳನ್ನು ಏಪ್ರನ್ನಿನೊಳಗೆ ಅಡಗಿಸಿಕೊಂಡಳು. ಮುಂದಿನ ನಿಲ್ದಾಣದಲ್ಲಿ ಪಕ್ಕದ ಮನೆಯ ಚಾಯೋ ಮೀನಿನ ಬಕೆಟ್ಟು ಹಿಡಿದು ಹತ್ತಿದಳು. ಎಲೋದಿಯಾ ಕಾಣದವಳಂತೆ ಕಿಟಕಿಯಾಚೆ ನೋಡುತ್ತ ಕೂತಳು. ಅಷ್ಟರಲ್ಲಿ ಪಕ್ಕದ ಸೀಟು ಸಿಕ್ಕಿದ್ದ ಪರದೇಶದವಳು, ಸುತ್ತಲಿನವರ ಮಡಿಲುಗಳನ್ನು ನೋಡಿ ನೋಡಿ, ಅಳುಕುತ್ತ ಬಕೆಟ್ಟಿಗೆ ಕೈ ಚಾಚಿದಳು.

"ನಿಮಗಿಂತ ಇವ್ಳೇ ವಾಸಿ ಬಿಡಿ, ದೋನ್ಯಾ!" ಎಂದಳು ಚಾಯೋ.