ಚುಕ್ಕಿ ಎಲ್ಲಿಡಬೇಕಿತ್ತು

ಎರಡನೇ ವಾರ್ಡಿನ ನರ್ಸಿಗೆ ಇಂಗ್ಲಿಷ್ ಬಾರದೆ ಇರಲಿಲ್ಲ. ಕಾಯಿಲೆಗಳ ಹೆಸರು, ಮಾತ್ರೆಗಳ ಹೆಸರು ನೀರು ಕುಡಿದಷ್ಟು ಸಲೀಸು. ಎಡವುತ್ತಿದ್ದದ್ದು ಡ್ಯೂಟಿ ಮುಗಿಸುವಾಗ ಬರೆಯಬೇಕಿದ್ದ ವರದಿಯಲ್ಲಿ. ರೋಗಿ ಎದ್ದದ್ದು, ವಾಂತಿ ಮಾಡಿದ್ದು, ಮಗಳು ಬಂದು ಜಗಳ ಆಡಿದ್ದು ಎಲ್ಲ ಒಂದೇ ವಾಕ್ಯ.

ಉಳಿದ ನರ್ಸುಗಳ ಬರವಣಿಗೆಯೂ ಅಷ್ಟಕ್ಕಷ್ಟೇ. ಹಾಗಾಗಿ ಆಸ್ಪತ್ರೆಯವರು ವಾರಕ್ಕೊಂದು ಇಂಗ್ಲಿಷ್ ಪಾಠ ಇಡಿಸಿದರು. ಹೇಳಿಕೊಡಲು ಬಂದ ಮೇಷ್ಟ್ರು ಅವಳ ಸೋದರಮಾವ. ಅಲ್ಲಿ ಅವಳಿಗೆ ಕೆಲಸ ಕೊಡಿಸಿದವರೂ ಅವರೇ. ಇಲ್ಲಿ ಮಾವ ಗೀವ ಬೇಡ, ಸರ್ ಅನ್ನಬೇಕು ಎಂದು ಮೊದಲ ದಿನವೇ ಬಾಗಿಲಲ್ಲಿ ನಿಲ್ಲಿಸಿ ಹೇಳಿದ್ದರು.

ಹೊದಿಕೆ, ಯೂನಿಫಾರ್ಮು ಮಡಿಸಿಡುವ ಕೋಣೆಯಲ್ಲಿ ಪಾಠ. ಅವಳ ವರದಿಯನ್ನು ಮಾವ ಎಲ್ಲರೆದುರು ಒಂದೇ ಉಸಿರಿನಲ್ಲಿ ಓದಿ, ಮುಖ ಕೆಂಪಾದ ಮೇಲೆ ಬೇಕೆಂದೇ ಕೆಮ್ಮಿದರು.

"ಇದು ವಾಕ್ಯಾನೋ, ಬಿಚ್ಚಿ ಉರುಳಿ ಹೋದ ಬ್ಯಾಂಡೇಜೋ?"

ಎಲ್ಲರೂ ನಕ್ಕರು. ಅವಳೂ ನಕ್ಕಳು, ಅದೇ ಸುಲಭವಾಗಿತ್ತು.

ಪಾಠವೇನೋ ಚೆನ್ನಾಗಿಯೇ ಹೇಳುತ್ತಿದ್ದರು. ಮಾಡುವವನೊಬ್ಬ, ಅವನು ಮಾಡಿದ್ದೊಂದು ಇದ್ದರೆ ಅದು ಪೂರ್ತಿ ವಾಕ್ಯ. ಅಂಥವು ಎರಡು ಮೈಗೆ ಮೈ ಅಂಟಿಕೊಂಡರೆ ತಪ್ಪು. ನಡುವೆ ಚುಕ್ಕಿ ಇಡಬೇಕು, ಇಲ್ಲವೇ ಆಂಡ್, ಬಟ್, ಬಿಕಾಸ್ ಅಂತ ಒಂದು ಕೊಂಡಿ ಹಾಕಬೇಕು. ಬರೀ ಕಾಮಾ ಇಟ್ಟರೆ ಬಾಗಿಲಿಗೆ ಚಿಲಕದ ಬದಲು ದಾರ ಕಟ್ಟಿದ ಹಾಗೆ. ಇಷ್ಟೂ ತಲೆಗೆ ಹೋಗದವರಿಗೆ ಒಂದು ಸುಲಭ ಸೂತ್ರ: ಹೊಸ ಆಸಾಮಿ ಬಂದ ಕಡೆ, ಅವನಿಗಿಂತ ಮುಂಚೆ ಚುಕ್ಕಿ. ಅದನ್ನು ಅವಳಿಂದ ಮತ್ತೆ ಮತ್ತೆ ಒಪ್ಪಿಸಿಕೊಂಡರು.

ಒಂದು ಮಧ್ಯಾಹ್ನ ಮೂಲೆಯ ಹಾಸಿಗೆಯ ಮುದುಕ ಎದ್ದು ಹೋಗುತ್ತೇನೆಂದು ಹಟ ಹಿಡಿದ. ಅವಳು ಡ್ಯೂಟಿ ಡಾಕ್ಟರ ಕೋಣೆಗೆ ಓಡಿ ಹೇಳಿದಳು. ಊಟಕ್ಕೆ ಕೂತಿದ್ದ ಡಾಕ್ಟರು ತಲೆಯೆತ್ತದೆ ಬರ್ತೀನಿ ಅಂದರು. ಬಂದದ್ದು ಒಂದು ಗಂಟೆಯ ಮೇಲೆ. ಅಷ್ಟರಲ್ಲಿ ಅವಳು ಇನ್ನೊಂದು ಹಾಸಿಗೆಯ ಹತ್ತಿರ ಇದ್ದಾಗ ಮುದುಕ ಬಿದ್ದು ಸೊಂಟ ಮುರಿದುಕೊಂಡಿದ್ದ.

ಮುದುಕನ ಮಗ ದೂರು ಕೊಟ್ಟ. ವಿಚಾರಣೆಯಲ್ಲಿ ಡಾಕ್ಟರು, ಹೇಳಿದ ತಕ್ಷಣ ಬಂದೆ ಅಂದರು. ಅವಳು ಓಡಿ ಹೇಳಿದಾಗ ಡಾಕ್ಟರ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಉಳಿದದ್ದು ಅವಳ ವರದಿಯ ಒಂದು ಸಾಲು: 'ಐ ಇನ್‌ಫಾರ್ಮ್ಡ್ ದಿ ಡಾಕ್ಟರ್ ಆಫ್ಟರ್ ಒನ್ ಅವರ್ ಹಿ ಕೇಮ್.'

ಅವಳ ಮನಸ್ಸಿನಲ್ಲಿ ಅದು ಕನ್ನಡದಲ್ಲೇ ಇತ್ತು. ಡಾಕ್ಟರಿಗೆ ಹೇಳಿದೆ, ಒಂದು ಗಂಟೆ ಆದಮೇಲೆ ಬಂದರು. ಕನ್ನಡದಲ್ಲಿ 'ಹೇಳಿದೆ' ಅಂದ ಕೂಡಲೇ ಮಾತು ತಾನಾಗಿ ಮುಗಿಯುತ್ತದೆ, ಚುಕ್ಕಿ ಇಟ್ಟರೂ ಸರಿ, ಬಿಟ್ಟರೂ ಸರಿ. ಇಂಗ್ಲಿಷಿನಲ್ಲಿ ಆ ಒಂದು ಗಂಟೆ ನಡುಬೀದಿಯಲ್ಲಿ ನಿಂತುಬಿಟ್ಟಿತ್ತು. ಚುಕ್ಕಿ ಅದಕ್ಕಿಂತ ಮುಂಚೆ ಬಿದ್ದರೆ ತಡ ಮಾಡಿದವರು ಡಾಕ್ಟರು. ಆಮೇಲೆ ಬಿದ್ದರೆ ಒಂದು ಗಂಟೆ ಸುಮ್ಮನಿದ್ದು ಹೇಳಿದವಳು ಅವಳು, ಕೆಲಸವೂ ಹೋದ ಹಾಗೆಯೇ.

ಇಂಗ್ಲಿಷ್ ಬಲ್ಲವರು ಹೇಳಲಿ ಎಂದು ಸೂಪರಿಂಟೆಂಡೆಂಟರು ಮಾವನನ್ನು ಕರೆಸಿದರು. ಓದುವಾಗ ಮಾವನ ತುಟಿ 'ಡಾಕ್ಟರ್' ಆದಮೇಲೆ ಒಂದು ಕ್ಷಣ ನಿಂತದ್ದನ್ನು ಅವಳು ಕಂಡಳು. ಅವರಿಗೆ ಅರ್ಥವಾಗಿತ್ತು.

"ಎರಡು ಥರಾನೂ ಓದಬಹುದಲ್ವಾ, ಮಾವ?"

"ಸರ್," ಎಂದು ತಿದ್ದಿದರು. "ಹೊಸ ಆಸಾಮಿ ಬಂದ ಕಡೆ ಏನು ಮಾಡಬೇಕು?"

"ಅವನಿಗಿಂತ ಮುಂಚೆ ಚುಕ್ಕಿ."

"ಇಲ್ಲಿ ಹೊಸ ಆಸಾಮಿ ಯಾರು?"

ಅವಳು ಡಾಕ್ಟರ ಮುಖ ನೋಡಿದಳು. ಡಾಕ್ಟರು ಗಡಿಯಾರ ನೋಡಿಕೊಂಡರು.

"ಹೇಳು."

"ಹಿ."

ಮಾವ ಪೆನ್ನು ಮುಂದೆ ಹಿಡಿದರು. ಅವಳು ಮುಟ್ಟಲಿಲ್ಲ. ಅವರೇ 'ಹಿ' ಅನ್ನುವುದಕ್ಕಿಂತ ಮುಂಚೆ, ಒತ್ತಿ, ದುಂಡಗೆ ಒಂದು ಚುಕ್ಕಿ ಇಟ್ಟರು. ಅಕ್ಕನ ಮಗಳೆಂದು ಉಳಿಸಿಕೊಂಡ ಅಂತ ಇನ್ನು ಯಾರೂ ಆಡಿಕೊಳ್ಳುವ ಹಾಗಿಲ್ಲ ಎಂದು ಸೂಪರಿಂಟೆಂಡೆಂಟರಿಗೆ ಹೇಳುವಾಗ ಅವರ ಮುಖದಲ್ಲಿ ಒಂದು ಕಳೆ ಇತ್ತು.

ಮನೆಯಲ್ಲಿ ಅಮ್ಮ ತನ್ನ ತಮ್ಮನ ಮಾತನ್ನೆಲ್ಲ ಕೇಳಿಸಿಕೊಂಡು, ಮಗಳ ಕಡೆ ತಿರುಗಿ ಕೇಳಿದ್ದು ಇಷ್ಟೇ: "ಒಂದು ಚುಕ್ಕಿ ಇಡೋಕೆ ನಿಂಗೇನೇ ಬಂದಿತ್ತು ರೋಗ?"

ಯೂನಿಫಾರ್ಮು ವಾಪಸ್ ಮಾಡಬೇಕಾದ್ದು ಅದೇ ಬಟ್ಟೆ ಕೋಣೆಯಲ್ಲಿ. ಅವಳು ಹೋದಾಗ ಪಾಠ ನಡೆದಿತ್ತು. ಬೋರ್ಡಿನ ಮೇಲೆ ಅವಳದೇ ಸಾಲು, ಚುಕ್ಕಿಯಿಲ್ಲದೆ. ಚುಕ್ಕಿ ಎಲ್ಲಿ ಎಂದು ಮಾವ ಕೇಳುತ್ತಿದ್ದರು. ಅವಳ ಜೊತೆ ಅದೇ ವಾರ್ಡಿನಲ್ಲಿ ದುಡಿದವಳೊಬ್ಬಳು ಎದ್ದು ಬಂದು, ಸೀಮೆಸುಣ್ಣ ತೆಗೆದುಕೊಂಡು, 'ಹಿ' ಅನ್ನುವುದಕ್ಕಿಂತ ಮುಂಚೆ ಇಟ್ಟಳು.

"ಭೇಷ್," ಅಂದರು ಮಾವ. ಆಮೇಲೆ ಬಾಗಿಲ ಕಡೆ ನೋಡಿ, "ಅಲ್ಲೇ ಇಟ್ಟು ಹೋಗಮ್ಮ, ಪಾಠ ನಡೀತಿದೆ."